ಡಾ. ತಾಹಾ ಹುಸೈನ್: ಅಥೆನ್ಸಿನ ಆಡಳಿತವನ್ನು ಅರಬಿಗೆ ತಂದ ಅಂಧ ವಿದ್ವಾಂಸ



ಇತಿಹಾಸ ಅಥವಾ ರಾಜ್ಯಶಾಸ್ತ್ರ ಓದುವ ನಮ್ಮ ವಿದ್ಯಾರ್ಥಿಗಳಿಗೆ ಗ್ರೀಕ್ ನಗರರಾಜ್ಯ, ಸೋಲನ್, ಅರಿಸ್ಟಾಟಲ್, ರೋಮಿನ ಸೆನೆಟ್ ಎಂಬ ಹೆಸರುಗಳು ಹೊಸವಲ್ಲ. ಆದರೆ ಪರೀಕ್ಷೆಗೆ ಬೇಕಾದಷ್ಟು ಓದಿ ಅಲ್ಲಿಗೇ ಬಿಡುವವರೇ ಹೆಚ್ಚು. ಎರಡು ಸಾವಿರ ವರ್ಷಗಳ ಹಿಂದೆ ಎಲ್ಲೋ ದೂರದಲ್ಲಿದ್ದ ಜನರ ಆಡಳಿತದಿಂದ ನಮಗೇನು ಪ್ರಯೋಜನ ಎಂದು ಕೇಳುವವರಿದ್ದಾರೆ. ಅದು ನಮ್ಮದಲ್ಲದ ವಿದ್ಯೆ, ಅದರ ಗೊಡವೆ ನಮಗೆ ಬೇಡ ಎನ್ನುವವರೂ ಇದ್ದಾರೆ. ಈ ಎರಡು ಮಾತುಗಳಿಗೂ ತನ್ನ ಇಡೀ ಬದುಕನ್ನೇ ಉತ್ತರವಾಗಿ ಕೊಟ್ಟ ಒಬ್ಬ ವಿದ್ವಾಂಸನನ್ನು ಈ ಬರಹದಲ್ಲಿ ನಿಮಗೆ ಪರಿಚಯಿಸುತ್ತಿದ್ದೇವೆ. ಅವರು ಈಜಿಪ್ಟಿನ ಡಾ. ತಾಹಾ ಹುಸೈನ್.

ಅರಬಿ ಸಾಹಿತ್ಯ ಓದಿದವರಿಗೆ ಅವರು ಆತ್ಮಕಥೆಕಾರರಾಗಿ, ವಿಮರ್ಶಕರಾಗಿ ಗೊತ್ತು. ಆದರೆ ವಿಶ್ವವಿದ್ಯಾಲಯದಲ್ಲಿ ಅವರು ಮೊದಲು ಕಲಿಸಿದ ವಿಷಯ ಅರಬಿ ಸಾಹಿತ್ಯವಲ್ಲ, ಪ್ರಾಚೀನ ಗ್ರೀಕರ ಮತ್ತು ರೋಮನ್ನರ ಇತಿಹಾಸ ಎಂಬುದು ಅನೇಕರಿಗೆ ತಿಳಿದಿಲ್ಲ. ಕಣ್ಣು ಕಾಣದ ಒಬ್ಬ ಹಳ್ಳಿಯ ಹುಡುಗ ಆ ಪೀಠದವರೆಗೆ ಹೇಗೆ ಬಂದ, ಅಲ್ಲಿಂದ ತನ್ನ ದೇಶಕ್ಕೆ ಏನನ್ನು ಕೊಟ್ಟ ಎಂಬುದನ್ನು ನೋಡೋಣ.

ಹಳ್ಳಿ, ಕತ್ತಲೆ ಮತ್ತು ಕುರ್‌ಆನ್

ತಾಹಾ ಹುಸೈನ್ ಹುಟ್ಟಿದ್ದು 1889ರ ನವೆಂಬರ್‌ನಲ್ಲಿ, ನೈಲ್ ನದಿಯ ದಡದ ಮಿನ್ಯಾ ಪ್ರಾಂತ್ಯದ ಮಗಾಗಾ ಪಟ್ಟಣದ ಹತ್ತಿರದ ಒಂದು ಸಣ್ಣ ಹಳ್ಳಿಯಲ್ಲಿ. ತಂದೆ ಸಕ್ಕರೆ ಕಂಪೆನಿಯಲ್ಲಿ ಸಾಧಾರಣ ಸಂಬಳದ ನೌಕರ. ಹದಿಮೂರು ಮಕ್ಕಳ ತುಂಬು ಸಂಸಾರದಲ್ಲಿ ತಾಹಾ ಏಳನೆಯವರು. ಎರಡು ಮೂರು ವರ್ಷದ ಮಗುವಾಗಿದ್ದಾಗ ಕಣ್ಣು ನೋವು ಬಂತು. ಹಳ್ಳಿಯಲ್ಲಿ ವೈದ್ಯರಿರಲಿಲ್ಲ. ಮನೆಯವರು ಕೆಲವು ದಿನ ಸುಮ್ಮನಿದ್ದರು, ಆಮೇಲೆ ಕ್ಷೌರಿಕನನ್ನು ಕರೆಸಿದರು. ಅವನು ಮಾಡಿದ ಚಿಕಿತ್ಸೆಯಿಂದ ಇದ್ದ ದೃಷ್ಟಿಯೂ ಹೋಯಿತು. ಬಡತನ ಮತ್ತು ಅಜ್ಞಾನ ಎರಡೂ ಸೇರಿದರೆ ಒಂದು ಮಗುವಿನ ಬದುಕನ್ನು ಏನು ಮಾಡಬಲ್ಲವು ಎಂಬುದನ್ನು ಅವರು ಜೀವನದುದ್ದಕ್ಕೂ ಮರೆಯಲಿಲ್ಲ.

ಅಂದಿನ ಈಜಿಪ್ಟಿನಲ್ಲಿ ಅಂಧ ಮಕ್ಕಳಿಗೆ ಇದ್ದ ದಾರಿ ಒಂದೇ: ಕುರ್‌ಆನ್ ಕಂಠಪಾಠ ಮಾಡಿ ಖಾರಿಯಾಗುವುದು. ಬಾಲಕ ತಾಹಾ ಹಳ್ಳಿಯ ಕುತ್ತಾಬಿಗೆ, ಅಂದರೆ ನಮ್ಮ ಊರಿನ ಮದ್ರಸದಂತಹ ಪಾಠಶಾಲೆಗೆ ಸೇರಿದ. ಒಂಬತ್ತು ವರ್ಷ ತುಂಬುವ ಮೊದಲೇ ಪೂರ್ತಿ ಕುರ್‌ಆನ್ ಬಾಯಿಗೆ ಬಂತು. ಮನೆಯವರು ಅಷ್ಟು ಚಿಕ್ಕ ಹುಡುಗನನ್ನು ಶೈಖ್ ಎಂದು ಕರೆಯತೊಡಗಿದರು. ಆದರೆ ಉಸ್ತಾದರ ಅಸಡ್ಡೆ, ಹುಡುಗನ ಆಟ ಎರಡೂ ಸೇರಿ ಪುನರಾವರ್ತನೆ ನಿಂತುಹೋಯಿತು. ಒಂದು ದಿನ ತಂದೆ ಅತಿಥಿಗಳ ಮುಂದೆ ಸೂರಃ ಅಶ್ಶುಅರಾ ಓದಲು ಹೇಳಿದರು. ಆರಂಭದ ಅಕ್ಷರಗಳ ಆಚೆ ಒಂದು ಪದವೂ ನೆನಪಿಗೆ ಬರಲಿಲ್ಲ. ಬೇರೆ ಸೂರಃಗಳನ್ನು ಕೇಳಿದರೂ ಅದೇ ಸ್ಥಿತಿ. ಎಲ್ಲರೆದುರು ತಲೆ ತಗ್ಗಿಸಿದ ಹುಡುಗ ಮತ್ತೆ ಮೊದಲಿನಿಂದ ಕಂಠಪಾಠ ಆರಂಭಿಸಬೇಕಾಯಿತು. ಕಲಿತದ್ದನ್ನು ಕಾಪಾಡಿಕೊಳ್ಳದಿದ್ದರೆ ಅದು ಉಳಿಯುವುದಿಲ್ಲ ಎಂಬ ಪಾಠ ಅಂದೇ ಮನಸ್ಸಿನಲ್ಲಿ ನಿಂತಿತು. ಕೇಳಿದ್ದನ್ನು ಮನಸ್ಸಿನಲ್ಲಿ ಹಿಡಿದಿಡುವ ಈ ಅಭ್ಯಾಸವೇ ಮುಂದೆ ಗ್ರೀಕ್ ಮತ್ತು ಲ್ಯಾಟಿನ್ ಗ್ರಂಥಗಳನ್ನು ಕಿವಿಯಿಂದಲೇ ಓದಲು ಅವರಿಗೆ ನೆರವಾಯಿತು.

1902ರ ಕಾಲರಾದಲ್ಲಿ ವೈದ್ಯನಾಗಲು ಹೊರಟಿದ್ದ ಅಣ್ಣ ತೀರಿಕೊಂಡ. ಅದೇ ವರ್ಷ ತಾಹಾ ಇನ್ನೊಬ್ಬ ಅಣ್ಣನ ಜತೆ ಕೈರೋಗೆ ಬಂದು ಅಲ್-ಅಝ್‌ಹರ್ ಸೇರಿದರು.

ಅಝ್‌ಹರ್‌ನಿಂದ ಸೊರ್ಬೊನ್‌ವರೆಗೆ

ಅಝ್‌ಹರ್‌ನಲ್ಲಿ ಫಿಕ್‌ಹ್, ವ್ಯಾಕರಣ, ತರ್ಕ ಕಲಿತರು. ಶೈಖ್ ಸಯ್ಯಿದ್ ಅಲ್-ಮರ್ಸಫೀ ಅವರ ಸಾಹಿತ್ಯ ಪಾಠ ಅವರಿಗೆ ಬಹಳ ಹಿಡಿಸಿತು. ಸುಧಾರಕ ಮುಹಮ್ಮದ್ ಅಬ್ದುಹು ಅವರ ಕೊನೆಯ ಪಾಠಗಳನ್ನು ಕೇಳುವ ಭಾಗ್ಯವೂ ದೊರೆಯಿತು. ಆದರೆ ಹಳೆಯ ಟಿಪ್ಪಣಿಗಳ ಮೇಲೆ ಮತ್ತೆ ಟಿಪ್ಪಣಿ ಬರೆಯುವ ಅಂದಿನ ಬೋಧನಾ ಕ್ರಮದಲ್ಲಿ ಅವರ ಪ್ರಶ್ನೆಗಳಿಗೆ ಜಾಗ ಇರಲಿಲ್ಲ. 1908ರ ಡಿಸೆಂಬರ್‌ನಲ್ಲಿ ಕೈರೋದಲ್ಲಿ ಸಾರ್ವಜನಿಕರ ದೇಣಿಗೆಯಿಂದ ಹೊಸ ಈಜಿಪ್ಟ್ ವಿಶ್ವವಿದ್ಯಾಲಯ ಆರಂಭವಾದಾಗ ಅವರು ಅಲ್ಲಿಗೂ ಹೋಗತೊಡಗಿದರು. ಅಲ್ಲಿ ಯುರೋಪಿನ ವಿದ್ವಾಂಸರು ಅರಬಿಯಲ್ಲೇ ಉಪನ್ಯಾಸ ಕೊಡುತ್ತಿದ್ದರು. ಪ್ರಾಚೀನ ಪೂರ್ವದೇಶಗಳ ಇತಿಹಾಸ, ಭೂಗೋಳ, ತತ್ವಶಾಸ್ತ್ರ ಇವೆಲ್ಲ ಅಲ್ಲಿ ಕಿವಿಗೆ ಬಿದ್ದವು. 1914ರಲ್ಲಿ ತನ್ನಂತೆಯೇ ಅಂಧನಾಗಿದ್ದ ಕವಿ ಅಬುಲ್ ಅಲಾ ಅಲ್-ಮಅರ್‍ರಿಯ ಬಗ್ಗೆ ಪ್ರಬಂಧ ಬರೆದು ಡಾಕ್ಟರೇಟ್ ಪಡೆದರು. ಆ ವಿಶ್ವವಿದ್ಯಾಲಯ ಕೊಟ್ಟ ಮೊದಲ ಡಾಕ್ಟರೇಟ್ ಅದು.

ವಿಶ್ವವಿದ್ಯಾಲಯ ಅವರನ್ನು ಫ್ರಾನ್ಸಿಗೆ ಕಳುಹಿಸಿತು. ಮೊದಲ ಮಹಾಯುದ್ಧದ ಕಾಲ. 1914ರ ಕೊನೆಯಲ್ಲಿ ಮೊಂಪೆಲಿಯೇ ನಗರಕ್ಕೆ ಹೋದರು. ವಿಶ್ವವಿದ್ಯಾಲಯದ ಬಳಿ ಹಣ ಮುಗಿದು ವರ್ಷದೊಳಗೆ ಹಿಂದಿರುಗಬೇಕಾಯಿತು. ಕೆಲವೇ ತಿಂಗಳಲ್ಲಿ ಮತ್ತೆ ಹೊರಟು ಪ್ಯಾರಿಸಿನ ಸೊರ್ಬೊನ್ ಸೇರಿದರು. ಅಲ್ಲಿ ಇತಿಹಾಸದ ಪದವಿಗೆ ಲ್ಯಾಟಿನ್ ಬೇಕಿತ್ತು. ಫ್ರೆಂಚ್ ವಿದ್ಯಾರ್ಥಿಗಳು ಶಾಲೆಯಲ್ಲೇ ಹಲವು ವರ್ಷ ಕಲಿತು ಬಂದಿದ್ದ ಭಾಷೆ ಅದು. ಇವರು ಮೊದಲ ಅಕ್ಷರದಿಂದ ಆರಂಭಿಸಬೇಕಿತ್ತು, ಅದೂ ಇನ್ನೊಬ್ಬರ ಕಣ್ಣಿನಿಂದ. ಪುಸ್ತಕ ಓದಿ ಹೇಳಲು ನೆರವಾದವರು ಮೊಂಪೆಲಿಯೇಯಲ್ಲಿ ಪರಿಚಯವಾದ ಸುಝಾನ್. 1917ರ ಆಗಸ್ಟಿನಲ್ಲಿ ಅವರಿಬ್ಬರ ವಿವಾಹವಾಯಿತು.

ಈ ವರ್ಷಗಳಲ್ಲಿ ಅವರು ಮಾಡಿದ ಅಧ್ಯಯನ ಎರಡು ಕವಲುಗಳಲ್ಲಿ ಸಾಗಿತು. ಒಂದು, ನಮ್ಮವನೇ ಆದ ಇಬ್ನ್ ಖಲ್ದೂನನ ಸಮಾಜ ಚಿಂತನೆ. ಸಮಾಜಶಾಸ್ತ್ರದ ಪಿತಾಮಹರಲ್ಲಿ ಒಬ್ಬರಾದ ಎಮಿಲ್ ಡರ್ಖೈಮ್ ಅವರ ಮಾರ್ಗದರ್ಶನದಲ್ಲಿ ಈ ಸಂಶೋಧನೆ ಆರಂಭವಾಯಿತು. 1917ರಲ್ಲಿ ಡರ್ಖೈಮ್ ತೀರಿಕೊಂಡ ಬಳಿಕ ಬೇರೊಬ್ಬರ ಕೈಕೆಳಗೆ ಮುಗಿದು, 1918ರಲ್ಲಿ ಡಾಕ್ಟರೇಟ್ ದೊರೆಯಿತು. ಎರಡನೆಯದು, ರೋಮನ್ ಇತಿಹಾಸದಲ್ಲಿ ಉನ್ನತ ಡಿಪ್ಲೊಮಾ. ಇದು ಮುಗಿದದ್ದು 1919ರಲ್ಲಿ. ಸಮಾಜಗಳು ಹೇಗೆ ಏಳುತ್ತವೆ, ಹೇಗೆ ಬೀಳುತ್ತವೆ ಎಂದು ಕೇಳಿದ್ದು ಇಬ್ನ್ ಖಲ್ದೂನ್. ಅದೇ ಪ್ರಶ್ನೆಯನ್ನು ಹಿಡಿದು ತಾಹಾ ಹುಸೈನ್ ರೋಮಿನ ಬಾಗಿಲು ತಟ್ಟಿದರು.

ರೋಮಿನ ಒಂದು ಕಾನೂನು ಕಲಿಸಿದ ಪಾಠ

ಆ ಡಿಪ್ಲೊಮಾಕ್ಕೆ ಅವರು ಆರಿಸಿಕೊಂಡ ವಿಷಯವನ್ನು ನೀವು ಸ್ವಲ್ಪ ಗಮನವಿಟ್ಟು ನೋಡಬೇಕು. ಕ್ರಿ.ಶ. 14ರಿಂದ 37ರವರೆಗೆ ಆಳಿದ ತಿಬೇರಿಯಸ್ ಚಕ್ರವರ್ತಿಯ ಕಾಲದಲ್ಲಿ ರಾಜದ್ರೋಹದ ಕಾನೂನು ಹೇಗೆ ಬಳಕೆಯಾಯಿತು ಎಂಬುದೇ ಆ ವಿಷಯ. ಆಧಾರ, ರೋಮನ್ ಇತಿಹಾಸಕಾರ ಟ್ಯಾಸಿಟಸ್‌ನ ಬರಹ.

ರೋಮ್ ಗಣರಾಜ್ಯವಾಗಿದ್ದಾಗ ಈ ಕಾನೂನು ಹುಟ್ಟಿದ್ದು ರೋಮನ್ ಜನತೆಯ ಘನತೆಯನ್ನು ಕಾಪಾಡಲು. ಸೈನ್ಯವನ್ನು ಶತ್ರುವಿಗೆ ಒಪ್ಪಿಸಿದವನು, ಜನರನ್ನು ದಂಗೆಗೆ ಎಬ್ಬಿಸಿದವನು, ಅಧಿಕಾರದಲ್ಲಿದ್ದು ದೇಶಕ್ಕೆ ಕೇಡು ಮಾಡಿದವನು ಇದರಡಿ ಶಿಕ್ಷೆ ಪಡೆಯುತ್ತಿದ್ದ. ಶಿಕ್ಷೆ ಕೃತ್ಯಕ್ಕೆ, ಮಾತಿಗಲ್ಲ. ಆಗಸ್ಟಸ್‌ನ ಕಾಲದಲ್ಲಿ ಅದು ಬರಹಕ್ಕೂ ಅನ್ವಯವಾಯಿತು. ತಿಬೇರಿಯಸ್‌ನ ಕಾಲಕ್ಕೆ ಜನತೆಯ ಘನತೆಯ ಜಾಗದಲ್ಲಿ ಚಕ್ರವರ್ತಿಯ ಘನತೆ ಬಂದು ಕುಳಿತಿತ್ತು. ದೂರು ಕೊಟ್ಟವನಿಗೆ ಆರೋಪಿಯ ಆಸ್ತಿಯಲ್ಲಿ ಕಾಲು ಭಾಗ ಸಿಗುತ್ತಿತ್ತು. ಹೀಗಾಗಿ ದೂರು ಕೊಡುವುದೇ ಕೆಲವರ ಕಸುಬಾಯಿತು. ಊಟದ ಮನೆಯಲ್ಲಿ ಆಡಿದ ಮಾತು ನ್ಯಾಯಾಲಯಕ್ಕೆ ಬಂತು. ಕ್ರಿ.ಶ. 25ರಲ್ಲಿ ಕ್ರೆಮೂಟಿಯಸ್ ಕಾರ್ಡಸ್ ಎಂಬ ಇತಿಹಾಸಕಾರನ ಮೇಲೆ ಮೊಕದ್ದಮೆ ಹೂಡಿದರು. ಅವನ ಅಪರಾಧ, ಸೀಸರನನ್ನು ಕೊಂದ ಬ್ರೂಟಸ್ ಮತ್ತು ಅವನ ಜತೆಗಾರನನ್ನು ತನ್ನ ಇತಿಹಾಸ ಗ್ರಂಥದಲ್ಲಿ ಹೊಗಳಿದ್ದು. ಅವನು ಉಪವಾಸವಿದ್ದು ಪ್ರಾಣ ಬಿಟ್ಟ. ಪುಸ್ತಕಗಳನ್ನು ಸುಡಲು ಸೆನೆಟ್ ಆಜ್ಞೆ ಹೊರಡಿಸಿತು. ಆದರೂ ಪ್ರತಿಗಳು ಬಚ್ಚಿಟ್ಟವರ ಮನೆಗಳಲ್ಲಿ ಉಳಿದವು, ಮುಂದೆ ಹೊರಗೆ ಬಂದವು.

ತಾಹಾ ಹುಸೈನ್ ಇದನ್ನು ಓದುತ್ತಿದ್ದಾಗ ಅವರ ಸ್ವಂತ ದೇಶ ಬ್ರಿಟಿಷರ ಸೈನಿಕ ಕಾನೂನಿನ ಅಡಿಯಲ್ಲಿತ್ತು. 1919ರಲ್ಲಿ ಸಅದ್ ಝಗ್‌ಲೂಲರನ್ನು ಗಡೀಪಾರು ಮಾಡಿದ್ದಕ್ಕೆ ಈಜಿಪ್ಟಿಗೆ ಈಜಿಪ್ಟೇ ಬೀದಿಗಿಳಿದಿತ್ತು. ಹಾಗಾಗಿ ಒಂದು ಕಾನೂನು ಜನರ ಕೈಯಿಂದ ಜಾರಿ ಅಧಿಕಾರಸ್ಥನ ಕೈಗೆ ಹೋದರೆ ಏನಾಗುತ್ತದೆ ಎಂಬ ಪ್ರಶ್ನೆ ಅವರಿಗೆ ಬರೀ ಪುಸ್ತಕದ ಪ್ರಶ್ನೆಯಾಗಿರಲಿಲ್ಲ. ಕಾನೂನಿನ ಅಕ್ಷರ ಬದಲಾಗದೆಯೂ ಅದರ ಅರ್ಥ ತಲೆಕೆಳಗಾಗಬಹುದು ಎಂಬುದನ್ನು ರೋಮಿನ ಈ ಉದಾಹರಣೆ ತೋರಿಸುತ್ತದೆ. ಕಾನೂನು ಓದುತ್ತಿರುವ ನಮ್ಮ ವಿದ್ಯಾರ್ಥಿಗಳು ಇದನ್ನು ನೆನಪಿನಲ್ಲಿಟ್ಟುಕೊಳ್ಳಬೇಕು.

ಹೊಲದ ಲೆಕ್ಕದ ಹಿಂಬದಿಯಲ್ಲಿ ಸಿಕ್ಕ ಗ್ರಂಥ

1919ರಲ್ಲಿ ತಾಯ್ನಾಡಿಗೆ ಮರಳಿದ ಅವರನ್ನು ಈಜಿಪ್ಟ್ ವಿಶ್ವವಿದ್ಯಾಲಯ ಗ್ರೀಕ್ ಮತ್ತು ರೋಮನ್ ಪ್ರಾಚೀನ ಇತಿಹಾಸದ ಪ್ರಾಧ್ಯಾಪಕರನ್ನಾಗಿ ನೇಮಿಸಿತು. ಗ್ರೀಸಿನ ಇತಿಹಾಸವನ್ನು ಅದರ ಬೆಟ್ಟ, ಕಣಿವೆ, ಸಮುದ್ರಗಳನ್ನು ಬಿಟ್ಟು ಹೇಳಲಾಗದು. ಪರ್ವತಗಳು ನಾಡನ್ನು ಸಣ್ಣ ಸಣ್ಣ ತುಂಡುಗಳಾಗಿ ಒಡೆದಿದ್ದರಿಂದಲೇ ಅಲ್ಲಿ ಒಂದು ಸಾಮ್ರಾಜ್ಯದ ಬದಲು ನೂರಾರು ನಗರರಾಜ್ಯಗಳು ಬೆಳೆದವು. ಕಾಣದ ಕಣ್ಣಿಗೆ ಭೂಪಟ ಹೇಗೆ? ಪತ್ನಿ ಸುಝಾನ್ ಕಾಗದದಲ್ಲಿ ಗ್ರೀಸಿನ ಆಕಾರವನ್ನು ಮಾಡಿ, ಅವರ ಬೆರಳನ್ನು ಅದರ ಮೇಲೆ ಆಡಿಸಿ ನಾಡಿನ ಏರುತಗ್ಗುಗಳನ್ನು ಮನದಟ್ಟು ಮಾಡಿಸಿದರು. ಬೆರಳು ಕಲಿತದ್ದನ್ನು ಅವರು ತರಗತಿಯಲ್ಲಿ ಬಾಯಲ್ಲಿ ಹೇಳಿದರು.

1920ರಲ್ಲಿ ಗ್ರೀಕ್ ನಾಟಕಗಳಿಂದ ಆಯ್ದ ಭಾಗಗಳನ್ನು ಅರಬಿಯಲ್ಲಿ ಪ್ರಕಟಿಸಿದರು. 1921ರಲ್ಲಿ ಬಂದದ್ದೇ ಅವರ ಬಹು ಮುಖ್ಯವಾದ ಅನುವಾದ, ಅರಿಸ್ಟಾಟಲ್‌ನ ಹೆಸರಿನಲ್ಲಿರುವ ಅಥೆನ್ಸಿನ ಸಂವಿಧಾನ. ಅರಬಿಯಲ್ಲಿ ಅದಕ್ಕೆ ಅವರು ಕೊಟ್ಟ ಹೆಸರು 'ನಿಝಾಮುಲ್ ಅಥೀನಿಯ್ಯೀನ್', ಅಥೆನ್ಸಿನವರ ಆಡಳಿತ ವ್ಯವಸ್ಥೆ.

ಈ ಗ್ರಂಥದ ಕತೆಯೇ ಒಂದು ಸ್ವಾರಸ್ಯ. ಅರಿಸ್ಟಾಟಲ್ ಮತ್ತು ಅವನ ಶಿಷ್ಯರು 158 ರಾಜ್ಯಗಳ ಆಡಳಿತ ಪದ್ಧತಿಗಳನ್ನು ಸಂಗ್ರಹಿಸಿದ್ದರೆಂದು ಹಳೆಯ ಗ್ರಂಥಗಳು ಹೇಳುತ್ತವೆ. ಅವೆಲ್ಲ ಕಾಲಗರ್ಭದಲ್ಲಿ ಕಳೆದುಹೋಗಿದ್ದವು. ಅಥೆನ್ಸಿನ ಭಾಗ ಮಾತ್ರ ಈಜಿಪ್ಟಿನ ಮರಳಿನಲ್ಲಿ ಉಳಿದಿತ್ತು. ಕ್ರಿ.ಶ. 78-79ರಲ್ಲಿ ಹರ್ಮೊಪೊಲಿಸ್ ಪ್ರದೇಶದ ಒಂದು ಜಮೀನಿನ ಮೇಲ್ವಿಚಾರಕ ಪಪೈರಸ್ ಸುರುಳಿಗಳ ಮೇಲೆ ಆದಾಯ ಖರ್ಚಿನ ಲೆಕ್ಕ ಬರೆದಿಟ್ಟಿದ್ದ. ಲೆಕ್ಕ ಹಳತಾದ ಮೇಲೆ ಯಾರೋ ಆ ಸುರುಳಿಗಳ ಖಾಲಿ ಹಿಂಬದಿಯಲ್ಲಿ ಈ ಗ್ರಂಥವನ್ನು ನಕಲು ಮಾಡಿಸಿಕೊಂಡರು. ಆ ಸುರುಳಿಗಳು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂ ಸೇರಿ, 1891ರ ಜನವರಿಯಲ್ಲಿ ಫ್ರೆಡರಿಕ್ ಕೆನ್ಯನ್ ಅವುಗಳನ್ನು ಪ್ರಕಟಿಸಿದರು. ಹರ್ಮೊಪೊಲಿಸ್ ಇರುವುದು ತಾಹಾ ಹುಸೈನ್ ಹುಟ್ಟಿದ ಅದೇ ಮಿನ್ಯಾ ಪ್ರಾಂತ್ಯದಲ್ಲಿ. ಲಂಡನ್ನಿನಲ್ಲಿ ಗ್ರಂಥ ಅಚ್ಚಾದಾಗ ಅವರಿಗೆ ಒಂದೂಕಾಲು ವರ್ಷ. ಮೂವತ್ತು ವರ್ಷಗಳ ಬಳಿಕ ಆ ನೆಲದ ಮಗನೇ ಅದನ್ನು ಆ ನೆಲದ ಭಾಷೆಗೆ ತಂದ.

ಇನ್ನೊಂದು ಹಳೆಯ ಸಾಲವೂ ಇದರಿಂದ ತೀರಿತು. ಅಬ್ಬಾಸಿ ಖಲೀಫರ ಕಾಲದ ಬಗ್ದಾದಿನಲ್ಲಿ ಅರಿಸ್ಟಾಟಲ್‌ನ ತರ್ಕ, ಭೌತಶಾಸ್ತ್ರ, ನೀತಿಶಾಸ್ತ್ರಗಳೆಲ್ಲ ಅರಬಿಗೆ ಬಂದಿದ್ದವು. ಅಲ್-ಫಾರಾಬಿ ಆದರ್ಶ ನಗರದ ಬಗ್ಗೆ ಗ್ರಂಥವನ್ನೇ ಬರೆದರು. ಆದರೆ ಅರಿಸ್ಟಾಟಲ್‌ನ ರಾಜಕೀಯ ಗ್ರಂಥ ಸ್ಪೇನಿನ ಇಬ್ನ್ ರುಶ್ದ್ ಅವರ ಕೈಗೆ ಸಿಗಲಿಲ್ಲ. ಅವರು 12ನೇ ಶತಮಾನದಲ್ಲಿ ಅದರ ಬದಲಿಗೆ ಪ್ಲೇಟೋನ ಗಣರಾಜ್ಯ ಗ್ರಂಥಕ್ಕೆ ವ್ಯಾಖ್ಯಾನ ಬರೆದರು. ನಮ್ಮ ಪೂರ್ವಿಕರು ಅನ್ಯರ ವಿದ್ಯೆ ಎಂದು ಹಿಂಜರಿದವರಲ್ಲ, ಸಿಗಲಿಲ್ಲವಲ್ಲ ಎಂದು ಕೊರಗಿದವರು. ಆ ಬಿಟ್ಟುಹೋದ ಕೊಂಡಿಯಲ್ಲಿ ಒಂದನ್ನು ತಾಹಾ ಹುಸೈನ್ ಜೋಡಿಸಿದರು.

ಅಥೆನ್ಸಿನ ಆಡಳಿತದಲ್ಲಿ ಏನಿತ್ತು?

ಆ ಗ್ರಂಥದಲ್ಲಿ ಅರಬಿ ಓದುಗರು ಕಂಡದ್ದೇನು? ಮೊದಲ ಭಾಗದಲ್ಲಿ ಅಥೆನ್ಸಿನ ಇತಿಹಾಸವಿದೆ. ಒಂದು ಕಾಲಕ್ಕೆ ಅಲ್ಲಿ ಭೂಮಿಯೆಲ್ಲ ಕೆಲವೇ ಜನರ ಕೈಯಲ್ಲಿತ್ತು. ಬಡವರು ತಮ್ಮ ದೇಹವನ್ನೇ ಒತ್ತೆಯಿಟ್ಟು ಸಾಲ ಪಡೆಯುತ್ತಿದ್ದರು. ತೀರಿಸಲಾಗದಿದ್ದರೆ ಹೆಂಡತಿ ಮಕ್ಕಳ ಸಮೇತ ಗುಲಾಮರಾಗುತ್ತಿದ್ದರು. ಕ್ರಿ.ಪೂ. 594ರಲ್ಲಿ ಅಧಿಕಾರಕ್ಕೆ ಬಂದ ಸೋಲನ್ ಸಾಲಗಳನ್ನು ಮನ್ನಾ ಮಾಡಿ, ಮನುಷ್ಯನನ್ನು ಒತ್ತೆಯಿಡುವುದನ್ನೇ ನಿಷೇಧಿಸಿದ. ಕ್ರಿ.ಪೂ. 508ರ ಸುಮಾರಿಗೆ ಕ್ಲೈಸ್ತನೀಸ್ ಹಳೆಯ ಕುಲಗಳ ಹಿಡಿತವನ್ನು ಮುರಿದು ಜನರನ್ನು ಹತ್ತು ಹೊಸ ಗಣಗಳಾಗಿ ವಿಂಗಡಿಸಿದ. ಒಂದೊಂದು ಗಣದಿಂದ ಐವತ್ತು ಜನರಂತೆ 500 ಜನರ ಸಭೆ ರೂಪುಗೊಂಡಿತು.

ಎರಡನೆಯ ಭಾಗದಲ್ಲಿ ಆಡಳಿತ ನಡೆಯುವ ಕ್ರಮವಿದೆ. ಹೆಚ್ಚಿನ ಅಧಿಕಾರಿಗಳನ್ನು ಚೀಟಿ ಎತ್ತಿದ ಹಾಗೆ ಆರಿಸುತ್ತಿದ್ದರು. ಮುಖ್ಯ ಅಧಿಕಾರಿಯಾಗಿ ಆಯ್ಕೆಯಾದವನನ್ನು ಮೊದಲು ವಿಚಾರಿಸುತ್ತಿದ್ದರು: ತಂದೆ ಯಾರು, ತಾಯಿ ಯಾರು, ತಂದೆ ತಾಯಿಯನ್ನು ಚೆನ್ನಾಗಿ ನೋಡಿಕೊಳ್ಳುತ್ತಾನೋ, ತೆರಿಗೆ ಕಟ್ಟುತ್ತಾನೋ, ಯುದ್ಧ ಸೇವೆ ಮಾಡಿದ್ದಾನೋ. ಸಾಕ್ಷಿಗಳು ಬೇಕಿತ್ತು. ಹೆತ್ತವರನ್ನು ಕಡೆಗಣಿಸಿದವನಿಗೆ ಊರಿನ ಆಡಳಿತ ಸಲ್ಲದು ಎಂಬ ಈ ನಿಯಮ ಓದಿದಾಗ ಹೆತ್ತವರ ಹಕ್ಕಿನ ಬಗ್ಗೆ ಇಸ್ಲಾಮ್ ಕಲಿಸಿದ್ದು ನಿಮಗೆ ನೆನಪಾಗದಿರದು. ಅವಧಿ ಮುಗಿದ ಮೇಲೆ ಪ್ರತಿ ಅಧಿಕಾರಿಯೂ ಲೆಕ್ಕ ಒಪ್ಪಿಸಬೇಕಿತ್ತು. ಮಾರುಕಟ್ಟೆಯಲ್ಲಿ ಗೋಧಿಯ ಬೆಲೆಗೆ ತಕ್ಕಂತೆ ರೊಟ್ಟಿಯ ಬೆಲೆ ಇದೆಯೇ ಎಂದು ನೋಡುವ ಅಧಿಕಾರಿಗಳೂ ಇದ್ದರು. ನ್ಯಾಯಾಲಯದಲ್ಲಿ ನೂರಾರು ನಾಗರಿಕರು ಕುಳಿತು, ಯಾರು ಯಾವ ಕಡೆ ಎಂದು ಇನ್ನೊಬ್ಬರಿಗೆ ತಿಳಿಯದಂತೆ ಕಂಚಿನ ಬಿಲ್ಲೆ ಹಾಕಿ ತೀರ್ಪು ಕೊಡುತ್ತಿದ್ದರು.

ಇವುಗಳ ನಡುವೆ ಒಂದು ಸಣ್ಣ ನಿಯಮವಿದೆ. ಅಲ್ಪ ಆಸ್ತಿಯುಳ್ಳ, ದೇಹದ ನ್ಯೂನತೆಯಿಂದ ದುಡಿಯಲಾಗದ ನಾಗರಿಕರನ್ನು 500ರ ಸಭೆ ಪರಿಶೀಲಿಸಿ, ಸರಕಾರದ ಬೊಕ್ಕಸದಿಂದ ದಿನಕ್ಕೆ ಎರಡು ಒಬೊಲ್ ನಾಣ್ಯ ಕೊಡುತ್ತಿತ್ತು. ತನ್ನ ಹಳ್ಳಿಯಲ್ಲಿ ಅಂಧ ಮಗುವಿಗೆ ಕ್ಷೌರಿಕನ ಚಿಕಿತ್ಸೆಯ ಹೊರತು ಬೇರೇನೂ ಸಿಗದಿದ್ದುದನ್ನು ಬಲ್ಲ ಒಬ್ಬ ಅನುವಾದಕನ ಕೈಯಿಂದ ಈ ಸಾಲುಗಳು ಅರಬಿಗೆ ಬಂದವು ಎಂಬುದನ್ನು ಯೋಚಿಸಿ ನೋಡಿ.

ಹಾಗೆಂದು ಅಥೆನ್ಸ್ ಸ್ವರ್ಗವೇನೂ ಆಗಿರಲಿಲ್ಲ. ಹೆಂಗಸರಿಗೆ ಸಭೆಯಲ್ಲಿ ಸ್ಥಾನವಿರಲಿಲ್ಲ. ಗುಲಾಮರ ದುಡಿಮೆಯ ಮೇಲೆ ಆ ನಗರ ನಿಂತಿತ್ತು. ಎಷ್ಟೋ ವರ್ಷ ಅಲ್ಲೇ ನೆಲೆಸಿದ ಪರದೇಶದವರಿಗೂ ಪೌರತ್ವ ಸಿಗುತ್ತಿರಲಿಲ್ಲ. ಅರಿಸ್ಟಾಟಲ್‌ನೇ ಅಲ್ಲಿ ಪರದೇಶದವನಾಗಿ ಬದುಕಿದ. ಸಾಕ್ರಟೀಸನಿಗೆ ವಿಷ ಕೊಟ್ಟದ್ದೂ ಅದೇ ಜನರ ನ್ಯಾಯಾಲಯ. ಒಂದು ಸಮಾಜವನ್ನು ಅಭ್ಯಾಸ ಮಾಡುವುದೆಂದರೆ ಅದರ ಮುಂದೆ ಕೈಮುಗಿದು ನಿಲ್ಲುವುದಲ್ಲ. ಒಳ್ಳೆಯದನ್ನು ಒಳ್ಳೆಯದೆಂದೂ ಕೆಟ್ಟದ್ದನ್ನು ಕೆಟ್ಟದ್ದೆಂದೂ ತೂಗಿ ನೋಡುವುದು. 1922ರಲ್ಲಿ ಈಜಿಪ್ಟಿಗೆ ಹೆಸರಿಗಾದರೂ ಸ್ವಾತಂತ್ರ್ಯ ಬಂದು, 1923ರಲ್ಲಿ ಸಂವಿಧಾನ ರೂಪುಗೊಂಡಾಗ ಸಭೆ, ಮತ, ಪ್ರತಿನಿಧಿ, ಲೆಕ್ಕ ಒಪ್ಪಿಸುವುದು ಎಂಬ ವಿಚಾರಗಳು ಅಲ್ಲಿ ಬಿಸಿ ಚರ್ಚೆಯಲ್ಲಿದ್ದವು. ತಾಹಾ ಹುಸೈನರ ಅನುವಾದ ಆ ಹೊತ್ತಿಗೆ ಸರಿಯಾಗಿ ಓದುಗರ ಕೈಯಲ್ಲಿತ್ತು. 1925ರಲ್ಲಿ 'ಖಾದತುಲ್ ಫಿಕ್ರ್' ಎಂಬ ಪುಸ್ತಕದಲ್ಲಿ ಹೋಮರ್, ಸಾಕ್ರಟೀಸ್, ಪ್ಲೇಟೋ, ಅರಿಸ್ಟಾಟಲ್, ಅಲೆಗ್ಸಾಂಡರ್, ಜೂಲಿಯಸ್ ಸೀಸರ್ ಇವರನ್ನೆಲ್ಲ ಸಾಮಾನ್ಯ ಓದುಗರಿಗೆ ಪರಿಚಯಿಸಿದರು.

ಬಿರುಗಾಳಿಯ ವರ್ಷಗಳು

1925ರಲ್ಲಿ ವಿಶ್ವವಿದ್ಯಾಲಯ ಸರಕಾರದ ಆಡಳಿತಕ್ಕೆ ಬಂದಾಗ ಅವರು ಅರಬಿ ಸಾಹಿತ್ಯದ ಪ್ರಾಧ್ಯಾಪಕರಾದರು. ಮರುವರ್ಷ ಪ್ರಕಟವಾದ ಅವರ ಒಂದು ಪುಸ್ತಕ, ಇಸ್ಲಾಮಿಗಿಂತ ಮೊದಲಿನದೆಂದು ಹೇಳಲಾಗುವ ಅರಬಿ ಕಾವ್ಯದ ಬಹುಪಾಲು ನಂತರದ ಕಾಲದ ರಚನೆ ಎಂದು ವಾದಿಸಿತು. ಅದರಲ್ಲಿ ಪ್ರವಾದಿಗಳಾದ ಇಬ್ರಾಹೀಮ್(ಅ) ಮತ್ತು ಇಸ್ಮಾಈಲ್(ಅ) ಅವರ ಬಗ್ಗೆ ಇದ್ದ ಕೆಲವು ಮಾತುಗಳು ವಿಶ್ವಾಸಿಗಳ ಮನಸ್ಸನ್ನು ನೋಯಿಸಿದವು. ಅಝ್‌ಹರ್‌ನ ವಿದ್ವಾಂಸರು ಪ್ರತಿಭಟಿಸಿದರು, ಸಂಸತ್ತಿನಲ್ಲಿ ಗದ್ದಲವಾಯಿತು, ಪುಸ್ತಕವನ್ನು ಹಿಂದಕ್ಕೆ ಪಡೆಯಲಾಯಿತು. ವಿಷಯ ಸರಕಾರಿ ಅಭಿಯೋಜಕ ಮುಹಮ್ಮದ್ ನೂರ್ ಅವರ ಮುಂದೆ ಬಂತು. ಅವರು ಪುಸ್ತಕವನ್ನು ಸಾಲು ಸಾಲಾಗಿ ಓದಿ, ಲೇಖಕರನ್ನು ವಿಚಾರಿಸಿ, ಹಲವು ಕಡೆ ವಾದ ದುರ್ಬಲವಾಗಿದೆ ಎಂದು ತೋರಿಸಿದರು. ಆದರೆ ಧರ್ಮವನ್ನು ಹೀಯಾಳಿಸುವ ಉದ್ದೇಶ ಕಾಣದೆ 1927ರ ಮಾರ್ಚಿನಲ್ಲಿ ಪ್ರಕರಣವನ್ನು ಮುಕ್ತಾಯಗೊಳಿಸಿದರು. ಆಕ್ಷೇಪಣೆಗೊಳಗಾದ ಭಾಗವನ್ನು ಕೈಬಿಟ್ಟು ಅದೇ ವರ್ಷ ಪುಸ್ತಕ ಬೇರೆ ಹೆಸರಿನಲ್ಲಿ ಹೊರಬಂತು. ಅವರ ವಾದವನ್ನು ಒಪ್ಪದ ವಿದ್ವಾಂಸರು ಪುಸ್ತಕಗಳನ್ನೇ ಬರೆದು ಉತ್ತರಿಸಿದರು. ಬರಹಕ್ಕೆ ಬರಹವೇ ಉತ್ತರ ಎಂಬುದು ವಿದ್ಯಾವಂತ ಸಮಾಜದ ಲಕ್ಷಣ. ಈಜಿಪ್ಟ್ ಆಗ ತಿಬೇರಿಯಸ್‌ನ ರೋಮ್ ಆಗಲಿಲ್ಲ ಎಂಬುದು ನೆಮ್ಮದಿಯ ಸಂಗತಿ.

ಎರಡನೆಯ ಪರೀಕ್ಷೆ ಬಂದದ್ದು ಅರಮನೆಯ ಕಡೆಯಿಂದ. 1930ರಲ್ಲಿ ಪ್ರಧಾನಿ ಇಸ್ಮಾಈಲ್ ಸಿದ್ಕಿಯ ಸರಕಾರ 1923ರ ಸಂವಿಧಾನವನ್ನೇ ರದ್ದುಪಡಿಸಿ ರಾಜನ ಅಧಿಕಾರವನ್ನು ಹಿಗ್ಗಿಸಿತು. ಆಗ ತಾಹಾ ಹುಸೈನ್ ಕಲಾ ವಿಭಾಗದ ಡೀನ್. ವಿಶ್ವವಿದ್ಯಾಲಯದ ವಿಷಯದಲ್ಲಿ ಸರಕಾರ ಹೇಳಿದಂತೆ ಕೇಳಲು ಅವರು ಸಿದ್ಧರಿರಲಿಲ್ಲ. ರಾಜಕಾರಣಿಗಳಿಗೆ ಗೌರವ ಡಾಕ್ಟರೇಟ್ ಕೊಡುವುದಕ್ಕೆ ಒಪ್ಪಲಿಲ್ಲ. 1932ರ ಮಾರ್ಚಿನಲ್ಲಿ ಅವರನ್ನು ಡೀನ್ ಹುದ್ದೆಯಿಂದ ಕಿತ್ತು ಹಾಕಿದರು, ಆಮೇಲೆ ಸರಕಾರಿ ಸೇವೆಯಿಂದಲೇ ವಜಾ ಮಾಡಿದರು. ವಿದ್ಯಾರ್ಥಿಗಳು ಮುಷ್ಕರ ಹೂಡಿದರು. ಅರಿಸ್ಟಾಟಲ್‌ನ ನೀತಿಶಾಸ್ತ್ರವನ್ನು ಅರಬಿಗೆ ತಂದಿದ್ದ ಕುಲಪತಿ ಅಹ್ಮದ್ ಲುತ್ಫಿ ಅಸ್ಸಯ್ಯಿದ್ ಇದನ್ನು ಖಂಡಿಸಿ ರಾಜೀನಾಮೆ ಕೊಟ್ಟರು. ತಾಹಾ ಹುಸೈನ್ ಪತ್ರಿಕೆಗಳಿಗೆ ಬರೆದು ಸಂಸಾರ ಸಾಗಿಸಿದರು. 1934ರ ಕೊನೆಗೆ ಮತ್ತೆ ವಿಶ್ವವಿದ್ಯಾಲಯಕ್ಕೆ ಕರೆ ಬಂತು. ಪ್ರಾಚೀನ ರೋಮನ್ನರ ಬಗ್ಗೆ ಓದಿದ್ದು ಅವರ ಬೆನ್ನನ್ನು ನೇರವಾಗಿಟ್ಟಿತ್ತು ಎಂದರೆ ತಪ್ಪಾಗದು.

ಇದೇ ಅವಧಿಯಲ್ಲಿ ಅವರು ಪ್ರವಾದಿ(ಸ)ಯವರ ಜೀವನವನ್ನು ಆಧರಿಸಿದ ಕಥನಗಳನ್ನು ಬರೆದರು. ಮುಂದೆ ಖಲೀಫ ಉಸ್ಮಾನ್(ರ) ಮತ್ತು ಅಲಿ(ರ) ಅವರ ಕಾಲದ ದೊಡ್ಡ ಕಲಹವನ್ನು ಕುರಿತು ಎರಡು ಸಂಪುಟಗಳನ್ನು ಬರೆದರು. ಸಂಪತ್ತು, ಅಧಿಕಾರ, ನ್ಯಾಯ ಇವುಗಳ ತಿಕ್ಕಾಟದಲ್ಲಿ ಒಂದು ಸಮಾಜ ಹೇಗೆ ಒಡೆಯುತ್ತದೆ ಎಂಬ, ಸೊರ್ಬೊನ್‌ನಲ್ಲಿ ಆರಂಭಿಸಿದ ಪ್ರಶ್ನೆಯನ್ನೇ ಅಲ್ಲಿ ನಮ್ಮ ಇತಿಹಾಸಕ್ಕೆ ಕೇಳಿದ್ದಾರೆ.

ನೀರು, ಗಾಳಿ, ವಿದ್ಯೆ

1938ರಲ್ಲಿ ಈಜಿಪ್ಟಿನ ಸಂಸ್ಕೃತಿಯ ಭವಿಷ್ಯದ ಬಗ್ಗೆ ಅವರು ಬರೆದ ಗ್ರಂಥ ಬಹು ಚರ್ಚಿತವಾಯಿತು. ಈಜಿಪ್ಟನ್ನು ಗ್ರೀಸ್, ರೋಮ್‌ಗಳ ಜತೆ ಮೆಡಿಟರೇನಿಯನ್ ಸಮುದ್ರದ ಒಂದೇ ನಾಗರಿಕತೆಗೆ ಸೇರಿಸಿದ ಅವರ ನಿಲುವನ್ನು ಹಲವರು ಟೀಕಿಸಿದರು. ಯುರೋಪಿನ ಕಡೆ ಅವರ ಒಲವು ಅತಿಯಾಯಿತು ಎಂಬ ಆಕ್ಷೇಪ ಇಂದಿಗೂ ಇದೆ. ಅದನ್ನು ಒಪ್ಪುವುದು ಬಿಡುವುದು ನಿಮಗೆ ಬಿಟ್ಟದ್ದು. ಆದರೆ ಆ ಗ್ರಂಥದ ತಿರುಳು ಶಿಕ್ಷಣ. ಓದು ಬರಹ ಬಾರದ ಜನರಿಗೆ ಮತ ಕೊಟ್ಟರಷ್ಟೇ ಸಾಲದು, ಅವರನ್ನು ಅಜ್ಞಾನದಲ್ಲಿ ಇಟ್ಟು ನಡೆಸುವ ಪ್ರಜಾಪ್ರಭುತ್ವ ನಿಜವಾದುದಲ್ಲ, ಆದ್ದರಿಂದ ಎಲ್ಲರಿಗೂ ಶಿಕ್ಷಣ ಕೊಡುವುದು ಸರಕಾರದ ಕರ್ತವ್ಯ ಎಂಬುದು ಅವರ ವಾದ. ಗ್ರೀಕ್ ಮತ್ತು ಲ್ಯಾಟಿನ್ ಭಾಷೆಗಳನ್ನು ಕಲಿಸಬೇಕೆಂದೂ ಅವರು ಒತ್ತಾಯಿಸಿದರು. ಮೂಲ ಭಾಷೆ ತಿಳಿಯದೆ ಯುರೋಪಿನವರು ಹೇಳಿದ್ದನ್ನೇ ನಂಬಿ ಕುಳಿತರೆ ಸ್ವಂತ ವಿದ್ವತ್ತು ಬೆಳೆಯುವುದಿಲ್ಲ ಎಂಬುದು ಅವರಿಗೆ ಗೊತ್ತಿತ್ತು.

ಅವರು ಹೇಳಿ ಸುಮ್ಮನಾದವರಲ್ಲ. 1942ರಲ್ಲಿ ಶಿಕ್ಷಣ ಸಚಿವಾಲಯದ ಸಲಹೆಗಾರರಾದರು. ಅದೇ ವರ್ಷ ಆರಂಭವಾದ ಅಲೆಗ್ಸಾಂಡ್ರಿಯಾ ವಿಶ್ವವಿದ್ಯಾಲಯದ ಮೊದಲ ಮುಖ್ಯಸ್ಥರಾದರು. 1950ರ ಜನವರಿಯಲ್ಲಿ ವಫ್ದ್ ಪಕ್ಷದ ಸರಕಾರದಲ್ಲಿ ಶಿಕ್ಷಣ ಸಚಿವರಾದಾಗ ಪ್ರೌಢಶಾಲೆ ಮತ್ತು ತಾಂತ್ರಿಕ ಶಾಲೆಗಳ ಶುಲ್ಕವನ್ನು ತೆಗೆದುಹಾಕಿದರು. ಕುಡಿಯುವ ನೀರು, ಉಸಿರಾಡುವ ಗಾಳಿ ಎಲ್ಲರಿಗೂ ಹೇಗೋ ಹಾಗೆಯೇ ವಿದ್ಯೆ ಎಂಬ ಅವರ ಮಾತು ಅರಬ್ ಜಗತ್ತಿನಲ್ಲಿ ಗಾದೆಯಾಯಿತು. ಎರಡು ವರ್ಷವಷ್ಟೇ ಇದ್ದ ಆ ಹುದ್ದೆಯಲ್ಲಿ ಅವರು ಕೈರೋದಲ್ಲಿ ಇಂದು ಐನ್ ಶಮ್ಸ್ ಎಂದು ಹೆಸರಾಗಿರುವ ವಿಶ್ವವಿದ್ಯಾಲಯವನ್ನೂ, ಸ್ಪೇನಿನ ಮ್ಯಾಡ್ರಿಡ್‌ನಲ್ಲಿ ಇಸ್ಲಾಮಿ ಅಧ್ಯಯನ ಸಂಸ್ಥೆಯನ್ನೂ ಆರಂಭಿಸಿದರು. ಹೆಣ್ಣು ಮಕ್ಕಳ ಉನ್ನತ ಶಿಕ್ಷಣಕ್ಕೂ ಅವರ ಬೆಂಬಲವಿತ್ತು. ಕೈರೋ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಪಡೆದ ಮೊದಲ ಈಜಿಪ್ಟ್ ಮಹಿಳೆ ಸುಹೈರ್ ಅಲ್-ಖಲಮಾವಿ ಅವರ ಶಿಷ್ಯೆ.

ಕೊನೆಯ ದಶಕದಲ್ಲಿ ಕೈರೋದ ಅರಬಿ ಭಾಷಾ ಅಕಾಡೆಮಿಯ ಅಧ್ಯಕ್ಷರಾಗಿದ್ದರು. 1973ರ ಅಕ್ಟೋಬರ್ 28ರಂದು 83ನೇ ವಯಸ್ಸಿನಲ್ಲಿ ನಿಧನರಾದರು. ಅದೇ ವರ್ಷದ ಡಿಸೆಂಬರ್‌ನಲ್ಲಿ ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಪ್ರಶಸ್ತಿ ಪಡೆದವರ ಪಟ್ಟಿಯಲ್ಲಿ ಅವರ ಹೆಸರಿತ್ತು. ಬಾಲ್ಯದಿಂದ ಪ್ಯಾರಿಸಿನವರೆಗಿನ ಕತೆ ಹೇಳುವ ಅವರ ಆತ್ಮಕಥೆ 'ಅಲ್-ಅಯ್ಯಾಮ್' ಹಲವು ಭಾಷೆಗಳಿಗೆ ಅನುವಾದವಾಗಿದೆ. ಅವಕಾಶ ಸಿಕ್ಕರೆ ಅದನ್ನು ಓದಿರಿ.

ವಿದ್ಯಾರ್ಥಿಗಳೇ, ಈ ಜೀವನದಿಂದ ನೀವು ಕೊಂಡೊಯ್ಯಬಹುದಾದದ್ದು ಮೂರು ವಿಷಯ. ಮೊದಲನೆಯದು, ಯಾವ ವಿದ್ಯೆಯೂ ಪರರ ಸೊತ್ತಲ್ಲ. ಅಥೆನ್ಸಿನ ಸಂವಿಧಾನವನ್ನು ಕಾಪಾಡಿದ್ದು ಈಜಿಪ್ಟಿನ ಒಂದು ಹೊಲದ ಲೆಕ್ಕದ ಕಾಗದ. ಅರಿಸ್ಟಾಟಲ್‌ನನ್ನು ಶತಮಾನಗಳ ಕಾಲ ಓದಿ ಉಳಿಸಿದವರಲ್ಲಿ ನಮ್ಮ ಪೂರ್ವಿಕರಿದ್ದರು. ಎರಡನೆಯದು, ಕಲಾ ವಿಭಾಗದ ವಿಷಯಗಳನ್ನು ಕೀಳಾಗಿ ಕಾಣಬೇಡಿ. ಇಂಜಿನಿಯರ್, ಡಾಕ್ಟರ್‌ಗಳಂತೆ ಇತಿಹಾಸ, ಕಾನೂನು, ರಾಜ್ಯಶಾಸ್ತ್ರ ಬಲ್ಲವರೂ ನಮ್ಮ ಸಮುದಾಯಕ್ಕೆ ಬೇಕು. ಸರಕಾರ ಹೇಗೆ ನಡೆಯುತ್ತದೆ, ಕಾನೂನು ಹೇಗೆ ಹುಟ್ಟುತ್ತದೆ, ಯಾವಾಗ ದಾರಿ ತಪ್ಪುತ್ತದೆ ಎಂದು ತಿಳಿಯದ ಸಮುದಾಯ ತನ್ನ ಹಕ್ಕನ್ನು ಕೇಳಲೂ ಅರಿಯದು. ಮೂರನೆಯದು, ಅಡ್ಡಿಗಳನ್ನು ಎಣಿಸುತ್ತಾ ಕೂರಬೇಡಿ. ಅವರಿಗೆ ಕಣ್ಣಿರಲಿಲ್ಲ, ಹಣವಿರಲಿಲ್ಲ, ಭಾಷೆ ಗೊತ್ತಿರಲಿಲ್ಲ. ಓದಿ ಹೇಳುವವರಿದ್ದರು, ಕೇಳುವ ಛಲವಿತ್ತು.

ಈ ಮೂರನೆಯ ಮಾತಿನಲ್ಲಿ ನಮ್ಮ ಸದಸ್ಯರಿಗೂ ಒಂದು ಪಾಲಿದೆ. ಸಾರ್ವಜನಿಕರ ದೇಣಿಗೆಯ ಹಣ ಒಬ್ಬ ಅಂಧ ಹುಡುಗನನ್ನು ಪ್ಯಾರಿಸಿಗೆ ಕಳುಹಿಸಿತು. ಅವನು ಹಿಂದಿರುಗಿ ಬಂದು ಲಕ್ಷಾಂತರ ಮಕ್ಕಳಿಗೆ ಶಾಲೆಯ ಬಾಗಿಲು ತೆರೆದ. ನಮ್ಮ ನಿಮ್ಮ ಊರುಗಳಲ್ಲಿಯೂ ಅಂತಹ ಮಕ್ಕಳಿದ್ದಾರೆ. ಅವರನ್ನು ಹುಡುಕಿ, ಅವರ ಓದಿಗೆ ಜತೆಯಾಗುವ ಸೌಭಾಗ್ಯವನ್ನು ಅಲ್ಲಾಹನು ನಮಗೆಲ್ಲರಿಗೂ ಕರುಣಿಸಲಿ.